ಟಾಟಾ ಇನ್‌ಸ್ಟಿಟ್ಯೂಟ್ ಒಳಗೆ ಏನ್ ನಡೀತದೆ? ಒಂದು ಮಿಲಿಸೆಕೆಂಡಿಂದ ಮೂವತ್ತೈದು ವರ್ಷದ ತನಕ

ಯಶವಂತಪುರದಿಂದ ಮಲ್ಲೇಶ್ವರದ ಕಡೆ ಬಸ್ಸಲ್ಲಿ ಬರ್ತಿದ್ವಿ, ಕಂಡಕ್ಟರ್ "ಟಾಟಾ ಇನ್‌ಸ್ಟಿಟ್ಯೂಟ್ ಯಾರ್ರೀ" ಅಂತ ಕೂಗಿದ, ಅದೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ, ಪಕ್ಕದಲ್ಲಿ ಕೂತಿದ್ದ ನಮ್ಮ ಚಿಕ್ಕಪ್ಪ ಕಿಟಕಿಯಿಂದ ಆ ಉದ್ದದ ಕಾಂಪೌಂಡು, ಅದರ ಹಿಂದಿನ ಮರಗಳು ಎಲ್ಲಾ ನೋಡ್ತಾ ಕೇಳಿದ್ರು, "ಇದು ಶುರುವಾಗಿ ನೂರು ವರ್ಷದ ಮೇಲಾಯ್ತಲ್ಲೋ, ಒಳಗೆ ಏನ್ ಕಂಡುಹಿಡಿದಿದಾರೆ ಹೇಳು ನೋಡಣ, ಜಾಸ್ತಿ ಬೇಡ, ಒಂದೇ ಒಂದು." ನಾನು ಹಿಂದೆ ಮುಂದೆ ನೋಡ್ದೆ "ರಾಮನ್ ಎಫೆಕ್ಟು" ಅಂದೆ. ಚಿಕ್ಕಪ್ಪ ತಲೆ ಅಲ್ಲಾಡಿಸಿ ಸುಮ್ನಾದ್ರು.

ರಾತ್ರಿ ಊಟ ಆದ್ಮೇಲೆ ಯಾಕೋ ಡೌಟ್ ಬಂದು ನೋಡಿದ್ರೆ ನಾನ್ ಹೇಳಿದ್ದು ಪೂರ್ತಿ ತಪ್ಪು. ರಾಮನ್ ಅವರು ಬೆಳಕಿನ ಆ ಪ್ರಯೋಗ ಮಾಡಿದ್ದು 1928ರಲ್ಲಿ, ಕಲ್ಕತ್ತಾದಲ್ಲಿ. ಬೆಂಗಳೂರಿಗೆ ಡೈರೆಕ್ಟರ್ ಆಗಿ ಬಂದಿದ್ದು 1933ರಲ್ಲಿ, ನೊಬೆಲ್ ಬಂದು ಮೂರು ವರ್ಷ ಆದ್ಮೇಲೆ. ಇಲ್ಲಿ ಬಂದು ಸುಮ್ನೆ ಕೂತ್ರು ಅಂತಲ್ಲ, ದ್ರವದೊಳಗೆ ಶಬ್ದದ ಅಲೆ ಹೋಗ್ತಿರುವಾಗ ಬೆಳಕು ಹೆಂಗೆ ಚದುರುತ್ತೆ ಅಂತ ನಾಗೇಂದ್ರನಾಥ್ ಜೊತೆ ಸೇರಿ ಲೆಕ್ಕ ಹಾಕಿದ್ದು ಇಲ್ಲೇ, ಅದು ಈಗ್ಲೂ ರಾಮನ್-ನಾಥ್ ಸಿದ್ಧಾಂತ ಅಂತ್ಲೇ ಪುಸ್ತಕದಲ್ಲಿದೆ, ಆದ್ರೆ ಅದನ್ನ ಬಸ್ಸಲ್ಲಿ ಯಾರು ನೆನಪಿಟ್ಕೊಂಡು ಹೇಳ್ತಾರೆ. ಇನ್ನೊಂದು ಇಂಥದೇ ತಪ್ಪು ತುಂಬ ಜನ ಮಾಡ್ತಾರೆ, ಪ್ರೋಟೀನಿನ ಆಕಾರಕ್ಕೆ ಸಂಬಂಧಪಟ್ಟ ರಾಮಚಂದ್ರನ್ ಪ್ಲಾಟ್ ಇಲ್ಲಿಂದು ಅಂತ. ಅದು 1963ರದ್ದು, ಮದ್ರಾಸಿಂದು. ಜಿ.ಎನ್. ರಾಮಚಂದ್ರನ್ ಇಲ್ಲಿಗೆ ಬಂದು ಮಾಡಿದ್ದು ಬೇರೆ, ಅದಕ್ಕೆ ಕೊನೇಲಿ ಬರ್ತೀನಿ.

ಚಿಕ್ಕಪ್ಪನ ಪ್ರಶ್ನೆಗೆ ಸರಿಯಾದ ಉತ್ತರ ಕೊಡ್ಲೇಬೇಕು ಅಂತ ಹಠ ಹುಟ್ಟಿದ್ದು ಆವಾಗ್ಲೇ. ತೊಂದರೆ ಏನಪ್ಪಾ ಅಂದ್ರೆ ಅಲ್ಲಿ ನಡೆಯೋದನ್ನ "ಒಂದೇ ಒಂದು" ಅಂತ ಹೇಳೋಕೆ ಆಗಲ್ಲ. ಜಮ್ಷೆಡ್ಜಿ ಟಾಟಾ ಕನಸು ಕಂಡ ಜಾಗ, ಅವರು 1904ರಲ್ಲೇ ತೀರ್ಕೊಂಡ್ರು, ಮೈಸೂರು ಅರಸರು 371 ಎಕರೆ ಜಮೀನು ಕೊಟ್ರು, 1909ರಲ್ಲಿ ಸಂಸ್ಥೆ ಹುಟ್ತು, 1911ರಲ್ಲಿ ಮೊದಲ ಸ್ಟೂಡೆಂಟ್ಸ್ ಸೇರಿದ್ರು. ಹೆಸರು ಭಾರತೀಯ ವಿಜ್ಞಾನ ಸಂಸ್ಥೆ, 1958ರಿಂದ ಯೂನಿವರ್ಸಿಟಿ ಅನ್ನೋ ಸ್ಥಾನ ಇದೆ, ಬೆಂಗಳೂರಿನ ಹಳಬರಿಗೆ ಮಾತ್ರ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟೇ. ಈಗ ಡಿಪಾರ್ಟ್‌ಮೆಂಟು, ಸೆಂಟರು ಎಲ್ಲಾ ಸೇರಿ 40ಕ್ಕೂ ಜಾಸ್ತಿ, ಚಳ್ಳಕೆರೆ ಹತ್ರ ಇನ್ನೊಂದು ದೊಡ್ಡ ಕ್ಯಾಂಪಸ್ಸೂ ಇದೆ. ಡಿಪಾರ್ಟ್‌ಮೆಂಟಿನ ಹೆಸರು ಒಂದೊಂದೇ ಓದ್ತಾ ಹೋದ್ರೆ ಟೆಲಿಫೋನ್ ಡೈರೆಕ್ಟರಿ ಓದಿದಂಗಾಗುತ್ತೆ, ಏನೂ ತಲೆಗೆ ಹೋಗಲ್ಲ. ಅದಕ್ಕೇ ನಾನು ಬೇರೆ ಥರ ಜೋಡಿಸ್ಕೊಂಡೆ. ಅಲ್ಲಿ ಒಬ್ಬೊಬ್ರು ತಮ್ಮ ಪ್ರಶ್ನೆಗೆ ಉತ್ತರ ಸಿಗೋಕೆ ಎಷ್ಟು ಹೊತ್ತು ಕಾಯ್ತಾರೆ ಅಂತ ನೋಡಿದೆ. ಹಂಗೆ ನೋಡಿದಾಗ್ಲೇ ನನಗೆ ಈ ಜಾಗ ಸ್ವಲ್ಪ ಅರ್ಥ ಆಗಿದ್ದು.

ಎಲ್ರಿಗಿಂತ ಕಮ್ಮಿ ಕಾಯೋರು ಏರೋಸ್ಪೇಸ್ ಕಡೆಯವರು. ಬಾಹ್ಯಾಕಾಶದಿಂದ ವಾಪಸ್ ಬರೋ ನೌಕೆ ಸೆಕೆಂಡಿಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ವಾತಾವರಣಕ್ಕೆ ನುಗ್ಗುತ್ತೆ, ಅದರ ಮೂತಿ ಮುಂದೆ ಇರೋ ಗಾಳಿಗೆ ಪಕ್ಕಕ್ಕೆ ಸರಿಯೋಕೂ ಟೈಮ್ ಸಿಗಲ್ಲ, ಒತ್ತಿ ಒತ್ತಿ ಸುಡೋ ಬೆಂಕಿ ಆಗುತ್ತೆ. ಆ ಶಾಖ ಎಲ್ಲಿ ಎಷ್ಟು ಅಂತ ನೆಲದ ಮೇಲೇ ಅಳೀಬೇಕು, ಆದ್ರೆ ಅಂಥ ಗಾಳಿಯನ್ನ ಫ್ಯಾನ್ ಹಾಕಿ ಬೀಸೋಕಾಗಲ್ಲ, ಒಂದು ನಿಮಿಷ ಬೀಸ್ಬೇಕಂದ್ರೆ ದೊಡ್ಡ ಪವರ್ ಸ್ಟೇಷನ್ನೇ ಬೇಕಾಗ್ಬಹುದು. ಅದಕ್ಕೆ ಒಂದು ಉಪಾಯ ಇದೆ, ಶಾಕ್ ಟನಲ್. ಉದ್ದ ಪೈಪು, ಮಧ್ಯದಲ್ಲಿ ತೆಳು ಲೋಹದ ಹಾಳೆ ಅಡ್ಡ, ಒಂದು ಕಡೆ ಗ್ಯಾಸ್ ತುಂಬ್ತಾ ತುಂಬ್ತಾ ಪ್ರೆಶರ್ ಏರಿಸ್ತಾರೆ, ಹಾಳೆ ತಡೀಲಾರ್ದೆ ಫಟ್ ಅಂತ ಹರಿಯುತ್ತೆ. ಹರಿದ ತಕ್ಷಣ ಇನ್ನೊಂದು ಕಡೆಗೆ ಶಾಕ್ ವೇವ್ ನುಗ್ಗುತ್ತೆ. ಶಾಕ್ ವೇವ್ ಅಂದ್ರೆ ಪ್ರೆಶರ್ರು ಮೆಲ್ಲಗೆ ಏರದೆ ಗೋಡೆ ಥರ ಒಮ್ಮೆಲೇ ಎದ್ದು ನಿಲ್ಲೋ ಅಲೆ, ಸಿಡಿಲು ಹತ್ರದಲ್ಲೇ ಬಿದ್ದಾಗ ಎದೆಗೆ ಗುದ್ದಿದಂಗಾಗುತ್ತಲ್ಲ, ಅದರ ಅಣ್ಣ ಅನ್ಕೊಳ್ಳಿ. ಪೈಪಿನ ತುದಿಯಲ್ಲಿ ಕೂರಿಸಿರೋ ಮಾಡೆಲ್ ಮೇಲೆ ಆ ಗಾಳಿ ಹರಿಯೋದು ಬರೀ ಒಂದು ಮಿಲಿಸೆಕೆಂಡಿನ ಆಸುಪಾಸು. ಕಣ್ಣು ಮಿಟುಕಿಸೋದ್ರಲ್ಲಿ ನೂರು ಸಲ ಮುಗಿದೋಗುತ್ತೆ. ಅಷ್ಟ್ರಲ್ಲೇ ಎಲ್ಲಾ ಸೆನ್ಸರ್‌ಗಳೂ ಅಳೆದು ಮುಗಿಸಿರ್ಬೇಕು. ತಯಾರಿಗೆ ದಿನ, ಪ್ರಯೋಗಕ್ಕೆ ಮಿಲಿಸೆಕೆಂಡು, ಆಮೇಲೆ ಡೇಟಾ ನೋಡೋಕೆ ತಿಂಗಳು.

ಇದು ರಾಕೆಟ್ ಕೆಲಸ ಆಯ್ತು, ಇದ್ರಲ್ಲೇನು ವಿಶೇಷ ಅಂದ್ರೆ, ಇದೇ ಶಾಕ್ ವೇವ್ ಇಟ್ಕೊಂಡು ಅದೇ ಕ್ಯಾಂಪಸ್ಸಲ್ಲಿ ಶ್ರೀಗಂಧದ ಎಣ್ಣೆ ತೆಗೆಯೋ ಪ್ರಯೋಗ ಮಾಡಿದಾರೆ! ಗಂಧದ ಎಣ್ಣೆ ಇರೋದು ಮರದ ಚೇಗಿನಲ್ಲಿ, ಅದು ಸುಲಭಕ್ಕೆ ಬಿಟ್ಟುಕೊಡಲ್ಲ. ಪುಡಿ ಮಾಡಿ ಹಬೆ ಹಾಯಿಸಿ ಹಾಯಿಸಿ ತೆಗೀಬೇಕು, ದಿನಗಟ್ಟಲೆ ಕೆಲಸ. ಮೊದಲು ಚಕ್ಕೆಗಳಿಗೆ ಶಾಕ್ ವೇವ್ ಕೊಟ್ರೆ ಮರದೊಳಗಿನ ಸಣ್ಣ ಸಣ್ಣ ದಾರಿಗಳು ಸಡಿಲ ಆಗಿ ಎಣ್ಣೆ ಬೇಗ ಬರುತ್ತೆ ಅನ್ನೋದು ಐಡಿಯಾ. ಬಿದಿರಿಗೆ ಹುಳ ಹಿಡೀದಂಗೆ ಔಷಧಿ ಒಳಗೆ ಇಳಿಸೋಕೆ, ಸೂಜಿ ಇಲ್ದೆ ಚರ್ಮದೊಳಗೆ ಲಸಿಕೆ ತಳ್ಳೋಕೆ ಕೂಡ ಅದೇ ಲ್ಯಾಬಿನವರು ಅದೇ ಶಾಕ್ ವೇವ್ ಬಳಸಿ ನೋಡಿದಾರೆ. ರಾಕೆಟ್ ಮೂತಿ ಎಲ್ಲಿ, ಬಿದಿರು ಎಲ್ಲಿ.

ಮಜಾ ಇರೋದು ಇಲ್ಲಿ. ಗಂಧದ ಎಣ್ಣೆಗೂ ಈ ಜಾಗಕ್ಕೂ ಹಳೇ ನಂಟು. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಕೊರಡು ಹರಾಜಾಗಿ ಹಡಗು ಹತ್ತಿ ಹೋಗ್ತಿತ್ತು, ಎಣ್ಣೆ ತೆಗೀತಿದ್ದೋರು ಮುಖ್ಯವಾಗಿ ಜರ್ಮನಿಯವರು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚೋಯ್ತು, ಮರ ಇಲ್ಲೇ ಬಿದ್ದಿತ್ತು, ಕೊಳ್ಳೋರಿಲ್ಲ. ಆಗ ಇನ್‌ಸ್ಟಿಟ್ಯೂಟಿನ ಕೆಮಿಸ್ಟ್ರಿಯವರು, ಸಡ್‌ಬರೊ, ವಾಟ್ಸನ್ ಅನ್ನೋರು, ಇಲ್ಲೇ ಎಣ್ಣೆ ಇಳಿಸಿ ತೋರ್ಸಿದ್ರು. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲ, ಬೆಂಗಳೂರಲ್ಲಿ ಪ್ರಯೋಗ ಆಗಿದ್ದೇ ತಡ ಮೈಸೂರಲ್ಲಿ ಫ್ಯಾಕ್ಟರಿನೇ ಎದ್ದಿತು. ಆ ಎಣ್ಣೆಯಿಂದ್ಲೇ ಮೈಸೂರ್ ಸ್ಯಾಂಡಲ್ ಸೋಪು, ಇನ್‌ಸ್ಟಿಟ್ಯೂಟಲ್ಲಿ ಓದಿದ್ದ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಕಲ್ತು ಬಂದು ಮಾಡಿದ್ದು. ಅಂದ್ರೆ ಒಂದೇ ಎಣ್ಣೆಯ ಹಿಂದೆ ಆ ಕಾಂಪೌಂಡಿನೊಳಗೆ ಎರಡು ಸಲ ರಿಸರ್ಚ್ ಆಗಿದೆ, ನಡುವೆ ಸುಮಾರು ತೊಂಬತ್ತು ವರ್ಷ, ಮೊದಲ ಸಲ ಕೆಮಿಸ್ಟ್ರಿಯವರು, ಎರಡನೇ ಸಲ ರಾಕೆಟ್ಟಿನವರು. ಡಿಪಾರ್ಟ್‌ಮೆಂಟ್ ಲಿಸ್ಟ್ ಓದಿದ್ರೆ ಇದು ಕಾಣ್ಸಲ್ಲ ಅಂದಿದ್ದು ಇದಕ್ಕೇ.

ಈಗ ಮಿಲಿಸೆಕೆಂಡಿಂದ ರಾತ್ರಿಗಳಿಗೆ ಬರಣ. 1940ರಲ್ಲಿ ಅನ್ನಾ ಮಣಿ ಅನ್ನೋ ಹುಡುಗಿ ರಾಮನ್ ಅವರ ಲ್ಯಾಬಿಗೆ ಸೇರಿದ್ರು. ಕೆಲಸ ವಜ್ರದ ಮೇಲೆ. ವಜ್ರಕ್ಕೆ ಬೆಳಕು ಬಿಟ್ರೆ ಅದು ಒಳಗೆ ಏನೇನೋ ಮಾಡಿ ಬೇರೆ ಬಣ್ಣದ ಮಸುಕು ಬೆಳಕನ್ನ ಹೊರಗೆ ಬಿಡುತ್ತೆ, ಅದನ್ನ ಫೋಟೋ ಪ್ಲೇಟಲ್ಲಿ ಹಿಡಿದ್ರೆ ಹರಳಿನ ಒಳಗಿನ ಕಟ್ಟೋಣ ತಿಳಿಯುತ್ತೆ. ಆದ್ರೆ ಆ ಬೆಳಕು ಎಷ್ಟು ಮಸುಕು ಅಂದ್ರೆ ಒಂದು ಪ್ಲೇಟಿನ ಮೇಲೆ ಬೀಳೋಕೆ 15–20 ಗಂಟೆ ಬೇಕಿತ್ತು. ಈಗ ಮೊಬೈಲಲ್ಲಿ ಟಕ್ ಅಂತ ಫೋಟೋ ಹೊಡೆಯೋ ನಮಗೆ ಇದು ಊಹೆಗೂ ಸಿಗಲ್ಲ. ಆಯಮ್ಮ ರಾತ್ರಿ ಎಲ್ಲಾ ಲ್ಯಾಬಲ್ಲೇ ಇರೋದು, ಮೂವತ್ತಕ್ಕೂ ಜಾಸ್ತಿ ವಜ್ರಗಳನ್ನ ಹಂಗೆ ಒಂದೊಂದಾಗಿ ನೋಡಿದ್ರು, ಐದು ಪೇಪರ್ ಬಂತು. 1945ರಲ್ಲಿ ಮದ್ರಾಸ್ ಯೂನಿವರ್ಸಿಟಿಗೆ ಪಿಎಚ್‌ಡಿ ಥೀಸಿಸ್ ಕೊಟ್ರೆ, ನಿಮ್ಮತ್ರ ಎಂಎಸ್ಸಿ ಇಲ್ಲ ಅಂತ ಡಿಗ್ರಿ ಕೊಡ್ಲಿಲ್ಲ. ಆಮೇಲೆ ಅವರು ಹವಾಮಾನ ಇಲಾಖೆ ಸೇರಿ ದೇಶಕ್ಕೇ ಮಳೆ, ಗಾಳಿ, ಬಿಸಿಲು ಅಳೆಯೋ ಉಪಕರಣ ಕಟ್ಟಿಸಿದ್ರು, ಅದು ಬೇರೆ ಕಥೆ.

ಹೆಣ್ಣುಮಕ್ಕಳ ವಿಷಯ ಬಂತು ಅಂತ ಇದೊಂದು ಹೇಳ್ಬಿಡ್ತೀನಿ. ಅದಕ್ಕೂ ಮುಂಚೆ, 1933ರಲ್ಲಿ, ಬಾಂಬೆ ಯೂನಿವರ್ಸಿಟಿಯಲ್ಲಿ ಫಸ್ಟ್ ಬಂದಿದ್ದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಆದವರು, ಅರ್ಜಿ ಹಾಕಿದಾಗ ರಾಮನ್ ಅವರು ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಬೇಡ ಅಂದ್ರು. ಆಕೆ ಬಿಡ್ಲಿಲ್ಲ, ಪಟ್ಟು ಹಿಡಿದ್ರು, ಕೊನೆಗೆ ಒಂದು ವರ್ಷ ಪರೀಕ್ಷೆ ಮೇಲೆ ಅಂತ ಒಪ್ಕೊಂಡ್ರು. 1939ರಲ್ಲಿ ಆಕೆಗೆ ಕೇಂಬ್ರಿಜ್ ಪಿಎಚ್‌ಡಿ ಸಿಕ್ತು. ದೊಡ್ಡೋರ ದೊಡ್ಡತನ ಹೇಳುವಾಗ ಇದನ್ನೂ ಹೇಳ್ಬೇಕಲ್ವಾ.

ನನಗೆ ಈ ಕ್ಯಾಂಪಸ್ಸಲ್ಲಿ ತುಂಬಾ ಇಷ್ಟ ಆದ ರಿಸರ್ಚ್ ಯಾವ್ದು ಅಂದ್ರೆ ಕಣಜದ ಹುಳದ್ದು, ನಮ್ಮ ಕಡೆ ಕಡಜ ಅಂತೀವಿ. ಮನೆ ಸಜ್ಜೆ ಕೆಳಗೆ ಬೂದು ಕಾಗದದ ಥರ ಗೂಡು ಕಟ್ಟಿರುತ್ತಲ್ಲ, ಕಂಡ ತಕ್ಷಣ ಕೋಲಿಗೆ ಬಟ್ಟೆ ಸುತ್ತಿ ಬೆಂಕಿ ಇಡ್ತೀವಿ. ರಾಘವೇಂದ್ರ ಗದಗಕರ್ ಅವರು ಅದೇ ಗೂಡಿನ ಮುಂದೆ ಕೂತು ದಶಕಗಟ್ಟಲೆ ನೋಡಿದಾರೆ, ಅವರ ಸ್ಟೂಡೆಂಟ್ಸೂ ನೋಡಿದಾರೆ. ರೊಪಾಲಿಡಿಯಾ ಮಾರ್ಜಿನೇಟಾ ಅಂತ ಅದರ ಹೆಸರು. ಹೆಂಗ್ ನೋಡ್ತಾರೆ ಅಂದ್ರೆ, ಒಂದೊಂದು ಹುಳದ ಬೆನ್ನ ಮೇಲೂ ಬಣ್ಣದ ಚುಕ್ಕೆ ಇಡ್ತಾರೆ, ಒಂದರ ಥರ ಇನ್ನೊಂದಕ್ಕಿಲ್ಲ. ಆಗ ಗೂಡು ಅಂದ್ರೆ ಬರೀ ಹುಳದ ಗುಂಪಲ್ಲ, ಒಂದು ಮನೆ, ಯಾರ್ಯಾರು ಏನೇನು ಮಾಡ್ತಿದಾರೆ ಅಂತ ಹಾಜರಿ ಹಾಕ್ಬಹುದು. ಯಾರು ಹೊರಗೆ ಹೋಗಿ ಊಟ ತಂದ್ರು, ಯಾರು ಮರಿಗೆ ಉಣ್ಸಿದ್ರು, ಯಾರು ಯಾರನ್ನ ಕಚ್ಚಿ ತಳ್ಳಿದ್ರು.

ಇದ್ರಲ್ಲಿ ರಾಣಿ ಅಂದ್ರೆ ನಾವು ಅನ್ಕೊಂಡಂಗೆ ಜೋರಿನ ಹೆಂಗಸಲ್ಲ. ಮಹಾ ಪಾಪದೋಳು, ಒಂದ್ ಕಡೆ ಕೂತಿರ್ತಾಳೆ, ಯಾರ ಮೇಲೂ ಏರಿ ಹೋಗಲ್ಲ, ಮೊಟ್ಟೆ ಇಡ್ತಾಳೆ ಅಷ್ಟೇ. ಹಂಗಾದ್ರೆ ಉಳಿದವು ಯಾಕೆ ಸುಮ್ನಿದಾವೆ? ಅವಕ್ಕೂ ಮೊಟ್ಟೆ ಇಡೋ ಶಕ್ತಿ ಇದೆ, ಬೇಕಂದ್ರೆ ಬಿಟ್ಟು ಹೋಗಿ ಬೇರೆ ಗೂಡು ಕಟ್ಬಹುದು. ಇದನ್ನ ತಿಳ್ಕೊಳ್ಳೋಕೆ ರಾಣಿಯನ್ನ ಗೂಡಿಂದ ತೆಗೆದು ನೋಡಿದ್ರು. ತೆಗೆದ ಕೆಲವೇ ನಿಮಿಷದಲ್ಲಿ ಕೆಲಸದ ಹುಳಗಳಲ್ಲಿ ಒಂದು, ಒಂದೇ ಒಂದು, ಇದ್ದಕ್ಕಿದ್ದಂಗೆ ಸಿಕ್ಕಾಪಟ್ಟೆ ಜೋರಾಗುತ್ತೆ, ಸಿಕ್ಕಿದವರನ್ನೆಲ್ಲಾ ಅಟ್ಟುತ್ತೆ. ರಾಣಿನ ವಾಪಸ್ ಇಟ್ರೆ ಮತ್ತೆ ತೆಪ್ಪಗಾಗುತ್ತೆ. ವಾಪಸ್ ಇಡ್ಲಿಲ್ಲ ಅಂದ್ರೆ ಸುಮಾರು ಒಂದು ವಾರಕ್ಕೆ ಅದೇ ಮೊಟ್ಟೆ ಇಡೋಕೆ ಶುರು ಮಾಡುತ್ತೆ, ರಾಣಿ ಆಗ್ಬಿಟ್ಟು ಮತ್ತೆ ಮೆತ್ತಗಾಗುತ್ತೆ. ವಿಚಿತ್ರ ಏನಂದ್ರೆ ರಾಣಿ ಇರುವಾಗ ಈ ಮುಂದಿನ ರಾಣಿ ಯಾರು ಅಂತ ನೋಡೋರಿಗೆ ಗೊತ್ತೇ ಆಗಲ್ಲ, ನಡತೆಯಲ್ಲಿ ಏನೂ ವ್ಯತ್ಯಾಸ ಇಲ್ಲ. ಆದ್ರೆ ಹುಳಗಳಿಗೆ ಗೊತ್ತು, ಯಾಕಂದ್ರೆ ಯಾರೂ ತಕರಾರು ತೆಗೆಯಲ್ಲ, ಪಟ್ಟಕ್ಕೆ ಜಗಳ ಇಲ್ಲ. ಹೊಸ ರಾಣಿನೂ ತೆಗೆದ್ರೆ ಇನ್ನೊಂದು, ಅದನ್ನೂ ತೆಗೆದ್ರೆ ಮತ್ತೊಂದು, ಹಿಂಗೆ ಐದರ ತನಕ ನೋಡಿದಾರೆ, ಕ್ಯೂ ಹಿಂಗೇ ಇರುತ್ತೆ, ಮುಂದಿನ ಪಾಳಿ ಹೆಚ್ಚಾಗಿ ವಯಸ್ಸಾದವುಗಳದ್ದು. ನಮ್ಮ ರಾಜಕೀಯದವರು ಒಂದ್ಸಲ ಹೋಗಿ ನೋಡ್ಕೊಂಡು ಬರ್ಬೇಕು. ರಾಣಿ ಇದಾಳೆ ಅನ್ನೋ ಸುದ್ದಿ ಗೂಡಿಗೆಲ್ಲಾ ಮುಟ್ಟೋದು ವಾಸನೆಯಿಂದ, ಅವಳ ಹೊಟ್ಟೆ ತುದಿಯ ಒಂದು ಗ್ರಂಥಿಯಲ್ಲಿ ಆ ರಾಸಾಯನಿಕ ಇದೆ.

ಇದ್ರಿಂದ ಏನ್ ಉಪಯೋಗ ಅಂತ ಕೇಳೋರು ಇದಾರೆ, ಚಿಕ್ಕಪ್ಪನೂ ಕೇಳಿದ್ರು. ಸೋಪಿನ ಥರ ಉಪಯೋಗ ಇಲ್ಲ. ಡಾರ್ವಿನ್ ಕಾಲದಿಂದ ಒಂದು ಪ್ರಶ್ನೆ ಕಾಡ್ತಿದೆ: ಬದುಕು ಅಂದ್ರೆ ತನ್ನ ಸಂತಾನ ಬೆಳೆಸೋ ಪೈಪೋಟಿ ಅಂತಾದ್ರೆ, ಈ ಹುಳ ಯಾಕೆ ತನ್ನ ಮಕ್ಕಳನ್ನ ಬಿಟ್ಟು ಬೇರೆಯವಳ ಮಕ್ಕಳನ್ನ ಸಾಕುತ್ತೆ? ಅದಕ್ಕೆ ಉತ್ತರ ಕಟ್ಟೋಕೆ ಇಂಥ ಹುಳ ಬೇಕು, ತಾನೂ ರಾಣಿ ಆಗ್ಬಹುದಾಗಿದ್ರೂ ಕೆಲಸದವಳಾಗಿ ಇರೋ ಹುಳ. ಜೇನಲ್ಲಿ ಅದು ಮರಿಯಾಗಿದ್ದಾಗ್ಲೇ ತೀರ್ಮಾನ ಆಗಿರುತ್ತೆ, ಇದ್ರಲ್ಲಿ ಇಲ್ಲ. ಇನ್ನೊಂದು ಏನಂದ್ರೆ ಇದಕ್ಕೆ ಬೇಕಾಗಿದ್ದು ಬಣ್ಣ, ಕುರ್ಚಿ, ನೋಟ್‌ಬುಕ್ಕು, ಕೂರೋ ತಾಳ್ಮೆ. ಕೋಟಿ ರೂಪಾಯಿ ಮೆಷಿನ್ ಬೇಡ. ಪಕ್ಕದ ಬಿಲ್ಡಿಂಗಲ್ಲಿ ಸೂಪರ್‌ಕಂಪ್ಯೂಟರ್ ಗುಂಯ್‌ಗುಡ್ತಿದ್ರೂ.

ಹಿಂಗೇ ಕಾದು ಕೂತು ನೋಡೋರ ಕೆಲಸವೇ ಕುಂಬಾರ ಕಪ್ಪೆದೂ. ಉತ್ತರ ಕನ್ನಡದ ಕತ್ತಲೆಕಾನಿನ ಜೌಗು ಕಾಡಲ್ಲಿ ರಾತ್ರಿ ಹೊತ್ತು ಹಳ್ಳದ ಪಕ್ಕ ಕೂತು ಕೆ.ವಿ. ಗುರುರಾಜ ಮತ್ತು ಜೊತೆಗಾರರು ಕಂಡಿದ್ದು. ಹೆಣ್ಣು ಕಪ್ಪೆ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋದ್ಮೇಲೆ ಗಂಡು ಕಪ್ಪೆ ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಬಾಚಿ ತಂದು ಮೊಟ್ಟೆಗೆ ಮೆತ್ತುತ್ತೆ, ಥೇಟ್ ಕುಂಬಾರ. 2014ರಲ್ಲಿ ಹೊಸ ಪ್ರಭೇದ ಅಂತ ಹೆಸರಿಟ್ರು, ಲ್ಯಾಟಿನ್ ಹೆಸರಲ್ಲೇ ನಮ್ಮ ಕನ್ನಡದ ಕುಂಬಾರ ಕೂತಿದಾನೆ, ನಿಕ್ಟಿಬಟ್ರಾಕಸ್ ಕುಂಬಾರ.

ಇಲ್ಲಿ ಸ್ವಲ್ಪ ನಿಂತು ಇದೆಲ್ಲಾ ದಿನನಿತ್ಯ ಹೆಂಗೆ ನಡಿಯುತ್ತೆ ಅಂತ ಹೇಳ್ಬೇಕು, ಯಾಕಂದ್ರೆ ಹೊರಗಿನವರಿಗೆ ರಿಸರ್ಚ್ ಅಂದ್ರೆ ಬಿಳಿ ಕೋಟು, ಬಣ್ಣದ ನೀರು, ಆಮೇಲೆ ಯುರೇಕಾ. ನಿಜವಾಗಿ ಕೆಲಸ ಎಳೆಯೋರು ಪಿಎಚ್‌ಡಿ ಹುಡುಗ ಹುಡುಗೀರು, ಐದಾರು ವರ್ಷ ಒಂದೇ ಪ್ರಶ್ನೆ ಹಿಂದೆ. ಗೈಡ್ ಅಂತ ಒಬ್ಬ ಪ್ರೊಫೆಸರ್ ಇರ್ತಾರೆ, ಅವರು ಸರ್ಕಾರದ ಹತ್ರನೋ ಕಂಪನಿ ಹತ್ರನೋ ಪ್ರಾಜೆಕ್ಟ್ ಬರೆದು ದುಡ್ಡು ತರ್ತಾರೆ. ಏನಾದ್ರೂ ಗಟ್ಟಿ ಸಿಕ್ತು ಅನ್ಸಿದ್ರೆ ಪೇಪರ್ ಬರೀತಾರೆ. ಜರ್ನಲ್‌ನವರು ಅದನ್ನ ಅದೇ ವಿಷಯದ ಇಬ್ರು ಮೂವರು ತಜ್ಞರಿಗೆ ಕಳಿಸ್ತಾರೆ, ಅವರ ಹೆಸರು ಸಾಮಾನ್ಯವಾಗಿ ಬರೆದವರಿಗೆ ಗೊತ್ತಾಗಲ್ಲ, ಅವರಿಗೆ ಇದಕ್ಕೆ ಸಂಬಳನೂ ಇಲ್ಲ. "ಇದು ಸಾಕಾಗಲ್ಲ, ಇನ್ನೊಂದು ಪ್ರಯೋಗ ಮಾಡಿ" ಅಂತ ಬಂದ್ರೆ ಮತ್ತೆ ಆರು ತಿಂಗಳು. ಪರಿಚಯದ ಹುಡುಗಿ ಒಬ್ಳು, ಕೆಮಿಸ್ಟ್ರಿ ಓದೋಳು, ಹೇಳ್ತಿದ್ಲು: ಮೂರು ವರ್ಷ ಕಾಸಿದ ಕಷಾಯ ಮೋರಿಗೆ ಚೆಲ್ಲಿ ನಾಲ್ಕನೇ ವರ್ಷ ಬೇರೆ ಒಲೆ ಹಚ್ಚಿದೆ ಅಂತ. ಆಗಲ್ಲ ಅಂತ ಗೊತ್ತಾಗಿದ್ದು ಕೂಡ ಗೊತ್ತಾಗಿದ್ದೇ, ಆದ್ರೆ ಅದಕ್ಕೆ ಪೇಪರ್ ಬರೋದು ಕಷ್ಟ, ಇದು ಈ ವ್ಯವಸ್ಥೆಯ ದೊಡ್ಡ ಲೋಪ ಅಂತ ನನ್ನ ಅಭಿಪ್ರಾಯ.

ಒಲೆ ಅಂದೆ, ಒಲೆ ಕಥೆನೇ ಹೇಳ್ತೀನಿ. 1974ರಲ್ಲಿ ಎ.ಕೆ.ಎನ್. ರೆಡ್ಡಿ ಅಂತ ಕೆಮಿಸ್ಟ್ರಿ ಪ್ರೊಫೆಸರ್, ಜೊತೆಗೆ ಇನ್ನೊಂದಷ್ಟು ಜನ ಸೇರಿ ಅಸ್ತ್ರ ಅಂತ ಒಂದು ಗುಂಪು ಕಟ್ಟಿದ್ರು, ಹಳ್ಳಿಗೆ ವಿಜ್ಞಾನ ಒಯ್ಯೋದು ಅಂತ. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಸೆಂಟರ್ ಮಾಡಿ ಮೊದಲು ಮಾಡಿದ್ದು ಉಪಕರಣ ಅಲ್ಲ, ಲೆಕ್ಕ. ಹಳ್ಳಿಯಲ್ಲಿ ಎನರ್ಜಿ ಅಂದ್ರೆ ಏನು, ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ. ಲೆಕ್ಕ ಹಾಕಿದ್ರೆ ಕಂಡಿದ್ದು ಕರೆಂಟೂ ಅಲ್ಲ ಡೀಸೆಲ್ಲೂ ಅಲ್ಲ, ಸೌದೆ, ಅದೂ ಅಡಿಗೆಗೆ, ಅದನ್ನ ಹೊತ್ತು ತರೋರು ಹೆಂಗಸರು, ಮಕ್ಕಳು. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಬಹುಪಾಲು ಪಕ್ಕಕ್ಕೆ ಹೋಗುತ್ತೆ, ಪಾತ್ರೆಗೆ ಸಿಗೋದು ಹತ್ತರಲ್ಲಿ ಒಂದು ಪಾಲಿನಷ್ಟು. ಗಾಳಿ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ನುಗ್ಗಿ ಬಿಸಿನೆಲ್ಲಾ ಹೊತ್ಕೊಂಡು ಹೋಗುತ್ತೆ. ಅದಕ್ಕೆ ಬೆಂಕಿಗೂಡನ್ನ ಮುಚ್ಚಿ, ಕೆಳಗೆ ಜಾಲರಿ ಇಟ್ಟು, ಉರಿ ಒಂದಾದ ಮೇಲೊಂದು ಮೂರು ಪಾತ್ರೆ ಕೆಳಗೆ ಹಾದು ಚಿಮಣಿಗೆ ಹೋಗೋ ಹಂಗೆ ಮಾಡಿದ್ರು. ಅಷ್ಟೇ ಅಸ್ತ್ರ ಒಲೆ. ನಮ್ಮಜ್ಜಿ ಮನೇಲೂ ಇತ್ತು, ಗೋಡೆ ಕಪ್ಪಾಗೋದು ನಿಂತಿದ್ದೇ ಅಜ್ಜಿಗೆ ದೊಡ್ಡ ಖುಷಿ, ಸೌದೆ ಉಳಿದಿದ್ದು ಎರಡನೇ ಖುಷಿ.

ಆದ್ರೆ ಅಸ್ತ್ರದವರಿಂದ ನಾನು ಕಲ್ತಿದ್ದು ಒಲೆಗಿಂತ ಪುರ ಅನ್ನೋ ಹಳ್ಳಿಯ ಕಥೆಯಿಂದ. ಅಲ್ಲಿ ಊರಿಗೆಲ್ಲಾ ಸೇರಿ ಒಂದು ಗೋಬರ್ ಗ್ಯಾಸ್ ಪ್ಲಾಂಟ್ ಮಾಡಿದ್ರು, ಎಲ್ಲಾ ಮನೆಗೂ ಅಡಿಗೆಗೆ ಗ್ಯಾಸ್ ಅಂತ. ಊರಲ್ಲಿರೋ ದನದ ಸಗಣಿ ಅಷ್ಟಕ್ಕೆ ಸಾಲ್ಲಿಲ್ಲ, ಯೋಜನೆ ಬಿದ್ದೋಯ್ತು. ಊರಿನವರಿಗೆ ನಿಜವಾಗಿ ಬೇಕಿದ್ದಿದ್ದೇ ಬೇರೆ: ಕುಡಿಯೋ ನೀರು. 1987ರಲ್ಲಿ ಅದೇ ಗ್ಯಾಸಿಂದ ಇಂಜಿನ್ ಓಡಿಸಿ ಕರೆಂಟ್ ಮಾಡಿ ಬೋರ್‌ವೆಲ್ಲಿಂದ ನೀರೆತ್ತಿ ನಲ್ಲಿಗೆ ಕೊಟ್ರು, ಮನೆಗೆ ಲೈಟ್ ಕೊಟ್ರು. ಸಗಣಿ ತಂದು ಹಾಕಿದವರಿಗೆ ದುಡ್ಡು, ಅದು ಹೆಚ್ಚಾಗಿ ಹೆಂಗಸರ ಕೈ ಸೇರ್ತಿತ್ತು, ಗ್ಯಾಸ್ ಹೋದ್ಮೇಲೆ ಉಳಿಯೋ ಬಗ್ಗಡ ಗೊಬ್ಬರಕ್ಕೆ ವಾಪಸ್. ಪ್ಲಾಂಟ್ ಅದೇ, ಸಗಣಿ ಅದೇ, ಪ್ರಶ್ನೆ ಮಾತ್ರ ಬದಲಾಯ್ತು. ಲ್ಯಾಬಲ್ಲಿ ಕೂತಿದ್ರೆ ಈ ಉತ್ತರ ಸಿಕ್ತಿರ್ಲಿಲ್ಲ, ಯಾಕಂದ್ರೆ ಪ್ರಶ್ನೆನೇ ತಪ್ಪಿತ್ತು.

ಮಳೆ ವಿಷಯದಲ್ಲೂ ಹಿಂಗೇ ಪ್ರಶ್ನೆ ತಿರುಗಿದ್ದುಂಟು. ಸ್ಕೂಲಲ್ಲಿ ಏನ್ ಹೇಳ್ಕೊಟ್ರು ಅಂದ್ರೆ, ಬೇಸಿಗೆಯಲ್ಲಿ ನೆಲ ಕಾಯುತ್ತೆ, ಸಮುದ್ರ ತಂಪಿರುತ್ತೆ, ಅದಕ್ಕೆ ಸಮುದ್ರದಿಂದ ಗಾಳಿ ಬೀಸಿ ಮುಂಗಾರು ಬರುತ್ತೆ. ಇಲ್ಲಿನ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರು ಕೇಳಿದ್ದು ಸರಳ: ನೆಲ ಜಾಸ್ತಿ ಕಾಯೋದು ಮೇ ತಿಂಗಳಲ್ಲಿ, ಮಳೆ ಜೋರಾಗೋದು ಜುಲೈನಲ್ಲಿ, ಅಷ್ಟೊತ್ತಿಗೆ ನೆಲ ತಣ್ಣಗಾಗಿರುತ್ತೆ. ಬರದ ವರ್ಷ ನೆಲ ಇನ್ನೂ ಜಾಸ್ತಿ ಕಾದಿರುತ್ತೆ, ಆದ್ರೆ ಮಳೆ ಇಲ್ಲ. ಹಂಗಾದ್ರೆ ಬರೀ ಕಾವಿನ ಲೆಕ್ಕ ಹೆಂಗೆ ಸರಿ? 1980ರಲ್ಲಿ ಸಿಕ್ಕಾ ಅನ್ನೋ ಇನ್ನೊಬ್ಬ ಹವಾಮಾನ ವಿಜ್ಞಾನಿ ಜೊತೆ ಸೇರಿ ಸ್ಯಾಟಲೈಟ್ ಚಿತ್ರಗಳನ್ನ ದಿನಾ ದಿನಾ ಜೋಡಿಸಿ ನೋಡಿದಾಗ, ಸಮಭಾಜಕ ವೃತ್ತದ ಹತ್ರ ಸಮುದ್ರದ ಮೇಲೆ ಇರೋ ಮೋಡದ ಪಟ್ಟಿ ಉತ್ತರಕ್ಕೆ ಸರೀತಾ ನಮ್ಮ ನೆಲದ ಮೇಲೆ ಬರೋದು, ಇಲ್ಲಿಂದು ಕರಗೋದು, ಎರಡರಿಂದ ಆರು ವಾರಕ್ಕೊಮ್ಮೆ ಸಮುದ್ರದಿಂದ ಇನ್ನೊಂದು ಹೊರಡೋದು ಕಾಣಿಸ್ತು. ಜುಲೈನಲ್ಲಿ ಹದ ಮಳೆ ಬಂದು ಬಿತ್ತಿದ್ಮೇಲೆ ಮೂರು ವಾರ ಆಕಾಶ ಬೆಳ್ಳಗಾಗಿ ರೈತನ ಹೊಟ್ಟೆಗೆ ಬೆಂಕಿ ಬೀಳೋದು ಈ ಗ್ಯಾಪಲ್ಲೇ. ಪಾವಗಡ, ಅನಂತಪುರ ಸೀಮೆಯಲ್ಲಿ ಮಳೆ ನಂಬಿ ಕಡ್ಲೆಕಾಯಿ ಹಾಕೋ ರೈತರ ವಿಷಯದಲ್ಲಿ, ಯಾವಾಗ ಬಿತ್ತಿದ್ರೆ ಹೂವು ಕಾಯಿ ಕಚ್ಚೋ ಹೊತ್ತು ಈ ಒಣಗಾಲಕ್ಕೆ ಸಿಕ್ಕಾಕೊಳ್ಳಲ್ಲ ಅಂತ ಹಳೇ ಮಳೆ ಲೆಕ್ಕ ಇಟ್ಕೊಂಡು ಅವರ ಗುಂಪು ಕೆಲಸ ಮಾಡಿತ್ತು.

ಕನ್ನಡಕ್ಕೆ ನೇರ ಸಂಬಂಧಪಟ್ಟಿದ್ದೂ ಒಂದಿದೆ, ಎ.ಜಿ. ರಾಮಕೃಷ್ಣನ್ ಅವರ ಲ್ಯಾಬಿನ ಲಿಪಿ ಜ್ಞಾನಿ. ಅಚ್ಚಾದ ಪುಟದ ಫೋಟೋ ಕೊಟ್ರೆ ಅಕ್ಷರ ಗುರುತಿಸಿ ಟೈಪ್ ಮಾಡ್ಕೊಡೋ ಸಾಫ್ಟ್‌ವೇರ್. ಇಂಗ್ಲಿಷಲ್ಲಿ ಅಕ್ಷರ ಸಾಲಾಗಿ ನಿಂತಿರ್ತಾವೆ, ನಮ್ಮದ್ರಲ್ಲಿ ಒತ್ತು ಕೆಳಗೆ ನೇತಾಡುತ್ತೆ, ಗುಣಿತದ ಕೊಂಬು ಪಕ್ಕಕ್ಕೆ ಚಾಚುತ್ತೆ, ಯಾವ ಒತ್ತು ಯಾವ ಅಕ್ಷರದ್ದು ಅಂತ ಕಂಪ್ಯೂಟರ್‌ಗೆ ತಿಳಿಸೋದೇ ಅರ್ಧ ಕೆಲಸ. ಹಳಗನ್ನಡದ ಱ, ೞ ಕೂಡ ಓದುತ್ತೆ, ಅದು ನನಗೆ ಓದೋಕೆ ಬರಲ್ಲ.

ಈಗ ತುಂಬಾ ಕಾಯೋರ ಹತ್ರ ಬಂದೆ. ಬಂಡೀಪುರ ದಾಟಿ ಮುದುಮಲೈಗೆ ಹೋದ್ರೆ, ಅದು ತಮಿಳುನಾಡಿಗೆ ಸೇರಿದ್ದು, ಅಲ್ಲಿ ಕಾಡಲ್ಲಿ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ಜಾಗ ಇದೆ, 50 ಹೆಕ್ಟೇರು. ಬೇಲಿ ಇಲ್ಲ, ಆನೆ ಬರುತ್ತೆ, ಬೆಂಕಿ ಬರುತ್ತೆ. 1988ರಲ್ಲಿ ರಾಮನ್ ಸುಕುಮಾರ್ ಅವರ ತಂಡ ಇದನ್ನ ಗುರುತು ಮಾಡಿ, ಎದೆ ಎತ್ತರದಲ್ಲಿ ಅಳೆದಾಗ ಒಂದು ಸೆಂಟಿಮೀಟರ್ ದಪ್ಪಕ್ಕಿಂತ ಮೇಲಿರೋ ಪ್ರತಿ ಗಿಡ ಮರಕ್ಕೂ ನಂಬರಿನ ಬಿಲ್ಲೆ ಹಾಕಿದ್ರು. ಒಂದು ಸೆಂಟಿಮೀಟರ್ ಅಂದ್ರೆ ನಿಮ್ಮ ಕಿರುಬೆರಳು, ಅಷ್ಟು ಸಣ್ಣದಕ್ಕೂ ಜಾತಿ, ಅಳತೆ, ನಕ್ಷೆಯಲ್ಲಿ ಜಾಗ. ಆಮೇಲೆ ಪ್ರತಿ ವರ್ಷ ಹೋಗಿ ಯಾರು ಸತ್ರು, ಯಾರು ಹೊಸಬರು ಅಂತ ಜನಗಣತಿ, ಕೆಲವು ವರ್ಷಕ್ಕೊಮ್ಮೆ ಎಲ್ಲಾದರ ಸುತ್ತಳತೆ ಮತ್ತೆ. ಇವತ್ತಿಗೂ ನಡೀತಿದೆ, ಮೊದಲ ಬಿಲ್ಲೆ ಹೊಡೆದ ವರ್ಷ ಹುಟ್ಟಿದ ಮಗುವಿಗೆ ಈಗ ಸ್ಕೂಲಿಗೆ ಹೋಗೋ ಮಕ್ಕಳಿರ್ಬಹುದು.

ಯಾಕೆ ಇಷ್ಟೊಂದು ಅಂದ್ರೆ, ಕಾಡು ಬದಲಾಗೋದು ನಮ್ಮ ಕಣ್ಣಿಗೆ ಕಾಣದಷ್ಟು ನಿಧಾನ, ಇಲ್ಲಾ ಇದ್ದಕ್ಕಿದ್ದಂಗೆ. ಶುರುವಿನ ವರ್ಷಗಳಲ್ಲೇ ಬೆಂಡೆ ಮರ ಸಿಕ್ಕಾಪಟ್ಟೆ ಕಮ್ಮಿ ಆಗ್ತಾ ಹೋಯ್ತು, ಕಾರಣ ಆನೆ, ಅದರ ತೊಗಟೆ, ಕೊಂಬೆ ಆನೆಗೆ ಬಲು ಪ್ರೀತಿ. ಬೆಂಕಿ ಬಿದ್ದ ವರ್ಷ ಸಣ್ಣ ಗಿಡ ಸಾಯ್ತಾವೆ, ದೊಡ್ಡವು ಹೆಚ್ಚಾಗಿ ತಡ್ಕೊತಾವೆ. ಐದು ವರ್ಷ ನೋಡಿ ಪೇಪರ್ ಬರೆದಿದ್ರೆ ಆನೆ ಕಾಡು ತಿಂದು ಮುಗಿಸ್ತಿದೆ ಅಂತ ಹೆಡ್‌ಲೈನ್ ಆಗ್ತಿತ್ತೇನೋ. ಬೆಂಕಿ, ಬರ, ಒಳ್ಳೇ ಮಳೆ, ಎಲ್ಲದರ ಸುತ್ತು ನೋಡ್ಬೇಕಂದ್ರೆ ಮೂವತ್ತೈದು ವರ್ಷನೂ ಕಮ್ಮಿನೇ. ಒಬ್ಬ ಪಿಎಚ್‌ಡಿ ಹುಡುಗ ಐದು ವರ್ಷ ಇದ್ದು ಹೋಗ್ತಾನೆ, ಪ್ರೊಫೆಸರ್ ರಿಟೈರ್ ಆಗ್ತಾರೆ, ಬಿಲ್ಲೆ ಇರುತ್ತೆ. ಕಂಪನಿ ಇಂಥ ಕೆಲಸಕ್ಕೆ ದುಡ್ಡು ಹಾಕಲ್ಲ, ಒಬ್ಬೊಬ್ರೇ ಮಾಡೋಕಾಗಲ್ಲ, ಯೂನಿವರ್ಸಿಟಿ ಥರದ್ದೇ ಒಂದು ಜಾಗ ಬೇಕು, ಮನುಷ್ಯರಿಗಿಂತ ಜಾಸ್ತಿ ದಿನ ಬದುಕೋದು.

ಇನ್ನು ರಾಮಚಂದ್ರನ್ ಅವರ ಬಾಕಿ. ಇದಕ್ಕೆ ಮಿಲಿಸೆಕೆಂಡೂ ಇಲ್ಲ ವರ್ಷನೂ ಇಲ್ಲ, ಬರೀ ಪೆನ್ನು ಪೇಪರ್ ಲೆಕ್ಕ. ಎಕ್ಸ್‌ರೇ ಅಂದ್ರೆ ನೆರಳು. ಒಂದೇ ಕಡೆಯಿಂದ ತೆಗೆದ್ರೆ ಮುಂದಿರೋದು ಹಿಂದಿರೋದು ಎಲ್ಲಾ ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತೆ. ಹಲಸಿನಹಣ್ಣನ್ನ ಕೊಯ್ಯದೇ ಒಳಗೆ ತೊಳೆ ಎಲ್ಲಿದೆ ಹೇಳು ಅಂದಂಗೆ. ಸುತ್ತ ಎಲ್ಲಾ ಕೋನದಿಂದ ನೆರಳು ತೆಗೆದ್ರೆ? ಆಗ ಒಂದೊಂದು ನೆರಳನ್ನೂ ಅದು ಬಂದ ದಿಕ್ಕಿನಲ್ಲೇ ವಾಪಸ್ ಹಾಳೆ ಮೇಲೆ ಬಳೀತಾ ಹೋಗಿ, ಎಲ್ಲಾ ಬಳಿತ ಸೇರೋ ಜಾಗದಲ್ಲಿ ಕಪ್ಪಾಗುತ್ತೆ, ಅಲ್ಲಿ ಗಟ್ಟಿ ವಸ್ತು ಇದೆ. ತೊಂದರೆ ಏನಂದ್ರೆ ಪ್ರತಿ ಬಳಿತಕ್ಕೂ ಬಾಲ ಇರುತ್ತೆ, ಒಂದು ಚುಕ್ಕೆ ಇರ್ಬೇಕಾದ ಕಡೆ ಸುತ್ತ ಮಬ್ಬು. ಆ ಮಬ್ಬು ತೆಗೆಯೋಕೆ ಮೊದಲು ಬಳಸ್ತಿದ್ದ ಫೋರಿಯರ್ ಲೆಕ್ಕ, ಅಂದ್ರೆ ಚಿತ್ರವನ್ನ ಅಲೆಗಳಾಗಿ ಬಿಡಿಸಿ ಮತ್ತೆ ಕೂಡಿಸೋದು, ಆ ಕಾಲದ ಕಂಪ್ಯೂಟರಿಗೆ ಭಾರ. 1971ರಲ್ಲಿ ರಾಮಚಂದ್ರನ್, ಲಕ್ಷ್ಮೀನಾರಾಯಣನ್ ಇಬ್ರೂ ಸೇರಿ ಹೇಳಿದ್ದು, ಬಳಿಯೋಕೆ ಮುಂಚೆನೇ ಪ್ರತಿ ನೆರಳನ್ನೂ ಒಂದು ಚಿಕ್ಕ ಲೆಕ್ಕದಲ್ಲಿ ತಿದ್ದಿ, ಪ್ರತಿ ಬಿಂದುವಿನ ಅಕ್ಕಪಕ್ಕ ಒಂಚೂರು ಕಳೀರಿ, ಆಮೇಲೆ ಬಳಿದ್ರೆ ಆ ಕಳೆದಿದ್ದು ಬಾಲಗಳನ್ನ ತಾನೇ ಅಳಿಸಿಹಾಕುತ್ತೆ ಅಂತ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಕ್ಕೂ ಎಕ್ಸ್‌ರೇಗೂ ಆಗುತ್ತೆ ಅಂತ ಬರೆದಿದ್ರು. ಸಿಟಿ ಸ್ಕ್ಯಾನಿನ ಪಠ್ಯದಲ್ಲಿ ಅದಕ್ಕೆ ಈಗ್ಲೂ ರಾಮ್-ಲಾಕ್ ಫಿಲ್ಟರ್ ಅಂತಾರೆ, ರಾಮಚಂದ್ರನ್ನಿನ ರಾಮ್, ಲಕ್ಷ್ಮೀನಾರಾಯಣನ್ನಿನ ಲಾಕ್.

ಹೋದ ವಾರ ಚಿಕ್ಕಪ್ಪನಿಗೆ ಫೋನ್ ಮಾಡಿ ಇದಿಷ್ಟೂ ಹೇಳಿದೆ, ಮುಕ್ಕಾಲು ಗಂಟೆ ಆಯ್ತು, ಪಾಪ ಪೂರ್ತಿ ಕೇಳಿದ್ರು. ಹೋದ ವರ್ಷ ತಲೆಸುತ್ತು ಬಂದಾಗ ಸಿಟಿ ಸ್ಕ್ಯಾನ್ ಆಗಿತ್ತಲ್ಲ, ಆ ಫಿಲ್ಮು ಬೀರುವಲ್ಲಿದೆ, ತೆಗೆದು ನೋಡ್ತೀನಿ ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ನಾನ್ ಕೇಳಿದ್ದು ಒಂದೇ ಒಂದು ಕಣೋ" ಅಂದ್ರು. ವರ್ಷಕ್ಕೊಂದ್ಸಲ ಅಲ್ಲಿ ಓಪನ್ ಡೇ ಮಾಡ್ತಾರೆ, ಯಾರ್ ಬೇಕಾದ್ರೂ ಒಳಗೆ ಹೋಗ್ಬಹುದು, ಬರ್ತೀರಾ ಅಂತ ಕೇಳಿದೆ. ಬರ್ತೀನಿ, ಆದ್ರೆ ರಾಕೆಟ್ ಗೀಕೆಟ್ ಆಮೇಲೆ, ಮೊದಲು ಆ ಕಡಜದ ಗೂಡು ಎಲ್ಲಿದೆ ವಿಚಾರಿಸಿಡು ಅಂದಿದಾರೆ.